ಕಪ್ಪು ಎಲ್ಲಿ ಕೂತಿದೆ, ಗೆರೆ ಎಲ್ಲಿಗೆ ಹೊರಟಿದೆ?

ಓದುಗರ ಪ್ರಶ್ನೆ, ಡ್ರಾಯಿಂಗ್ ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಕಿನ ಚಿತ್ರಗಳ ಬಗ್ಗೆಯೇ ಇದ್ದವು. ಅದರಲ್ಲೂ ದೊಡ್ಡ ಚಿತ್ರಕ್ಕೆ ಕೈ ಹಾಕುವ ಮೊದಲು ಕಲಾವಿದರು ಮಾಡಿಕೊಳ್ಳುವ ಕರಡು ಚಿತ್ರಗಳ ಬಗ್ಗೆ. ಮಲ್ಪೆಯಿಂದ ಬಂದ ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದಕ್ಕೆ ಅಷ್ಟು ಬೇಕು.

ಪ್ರಶ್ನೆ: ಟೀಚರ್, ನಮ್ಮ ತಂದೆಯವರು ಉಡುಪಿಯಲ್ಲಿ ಬೋರ್ಡ್ ಬರೆಯುವ ಕೆಲಸ ಮಾಡುತ್ತಿದ್ದರು. ನಾಟಕದ ಪರದೆ, ಹೋಟೆಲಿನ ಗೋಡೆಯ ಮೇಲೆ ಚಿತ್ರ, ಎಲ್ಲ ಮಾಡಿದ್ದಾರೆ. ಅವರು ಇಂಕಿನಲ್ಲಿ ಬಿಡಿಸಿದ ಒಂದು ರಂಪಣಿ (ದಡದಿಂದ ಜನ ಸೇರಿ ಎಳೆಯುವ ದೊಡ್ಡ ಮೀನುಬಲೆ) ಚಿತ್ರಕ್ಕೆ ಫ್ರೇಮ್ ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದೇವೆ. ಎಡಗಡೆ ಬಲೆಯ ಹಗ್ಗ ಎಳೆಯುವವರೆಲ್ಲ ಕಡು ಕಪ್ಪು. ಬಲಗಡೆ ಸಮುದ್ರ, ದೋಣಿ ಎಲ್ಲ ಕಂಡೂ ಕಾಣದಷ್ಟು ತೆಳು. ಮಧ್ಯೆ ಬುಟ್ಟಿ ಹಿಡಿದ ಒಬ್ಬ ಹುಡುಗ ಮಾತ್ರ ಪೂರ್ತಿ ಬಿಳಿ. ಅವನ ಹೆಗಲ ಹತ್ತಿರ ‘ಹ’ ಎಂದು ಬರೆದಿದೆ. ಅಪ್ಪ ಇದನ್ನು ಅರ್ಧಕ್ಕೆ ಬಿಟ್ಟಿದ್ದಾರೆ ಅಂತ ಅಣ್ಣ ಹೇಳುತ್ತಾನೆ. ಆ ಕಾಲದಲ್ಲಿ ಅವರಿಗೆ ತುಂಬ ಕಷ್ಟ ಇತ್ತು, ಅದಕ್ಕೇ ಇಷ್ಟು ಕಪ್ಪು ಅಂತ ಅತ್ತಿಗೆ ಹೇಳುತ್ತಾರೆ. ನನಗೆ ಆ ಹುಡುಗ ಯಾರು ಅಂತ ತಿಳಿಯಬೇಕು.
(ಓದುಗರು, ಮಲ್ಪೆ)

ಉತ್ತರ: ಫೋಟೊ ನೋಡಿ ಇದನ್ನು ಹೇಳಲಾಗದು ಅಂತ ಬರೆದೆ. ನೀವು ಫ್ರೇಮ್ ಸಮೇತ ಚಿತ್ರವನ್ನೇ ತಂದಿರಿ, ಒಳ್ಳೆಯದಾಯಿತು. ಗಾಜು ತೆಗೆದ ಮೇಲೆ ಕಂಡದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ. ಇಂಥ ಚಿತ್ರ ಮನೆಯಲ್ಲಿ ಇರುವ ಬೇರೆಯವರಿಗೂ ನೋಡುವ ದಾರಿ ಸಿಗಲಿ.

ಮೊದಲು ಪೆನ್ಸಿಲ್. ಹಾಳೆಯನ್ನು ಕಿಟಕಿಯ ಹತ್ತಿರ ಇಟ್ಟು ಬದಿಯಿಂದ ಟಾರ್ಚ್ ಬಿಟ್ಟಾಗ ಇಡೀ ಚಿತ್ರದ ಅಡಿಯಲ್ಲಿ ಚೌಕಳಿ ಕಾಣಿಸಿತು. ಒಂದೊಂದು ಚೌಕ ಒಂದು ಇಂಚು. ಅಡ್ಡಕ್ಕೆ 12, ಎತ್ತರಕ್ಕೆ 8. ಕೆಳಗಿನ ಅಂಚಿನಲ್ಲಿ, ಮೌಂಟಿನ (ಫ್ರೇಮಿನೊಳಗೆ ಚಿತ್ರದ ಸುತ್ತ ಇಡುವ ರಟ್ಟಿನ) ಅಡಿಗೆ ಸಿಕ್ಕಿದ್ದ ಜಾಗದಲ್ಲಿ, ‘1 ಇಂಚು = 1 ಅಡಿ’ ಎಂದು ಬರೆದಿದೆ. ಅಂದರೆ 12 ಅಡಿ ಅಗಲ, 8 ಅಡಿ ಎತ್ತರದ ಗೋಡೆಗೋ ಪರದೆಗೋ ಮಾಡಿಕೊಂಡ ಕರಡು ಇದು. ಒಂದೊಂದು ಚೌಕದಲ್ಲಿ ಇರುವುದನ್ನು ಗೋಡೆಯ ಒಂದೊಂದು ಅಡಿಗೆ ದೊಡ್ಡದು ಮಾಡುತ್ತಾ ಹೋಗುವುದು ಬೋರ್ಡ್ ಬರೆಯುವವರಿಗೆಲ್ಲ ಗೊತ್ತಿರುವ ಕ್ರಮ. ಯುರೋಪಿನಲ್ಲಿ ಐನೂರು ವರ್ಷದ ಹಿಂದೆಯೂ ಚರ್ಚಿನ ಗೋಡೆಗೆ ಚಿತ್ರ ಹತ್ತಿಸುತ್ತಿದ್ದವರು ಹೀಗೇ ಮಾಡುತ್ತಿದ್ದರು.

ಇದು ಗೊತ್ತಾದ ಕೂಡಲೇ ಚಿತ್ರವನ್ನು ನೋಡುವ ಕ್ರಮವೇ ಬದಲಾಗುತ್ತದೆ. ಇದು ನಮಗೆ ತೋರಿಸಲು ಮಾಡಿದ ಚಿತ್ರ ಅಲ್ಲ. ಮರುದಿನ ಏಣಿ ಹತ್ತಿ ನಿಲ್ಲುವ ತನಗೇ ಅವರು ಬರೆದುಕೊಂಡ ಸೂಚನೆ. ಇಂಥ ಚಿತ್ರದಲ್ಲಿ ಯಾವುದು ಎಲ್ಲಿ ಅನ್ನುವುದನ್ನು ಗೆರೆ ಹೇಳುತ್ತದೆ. ಯಾವುದು ಮೊದಲು ಕಣ್ಣಿಗೆ ಬೀಳಬೇಕು ಅನ್ನುವುದನ್ನು ಕಪ್ಪು-ಬಿಳುಪಿನ ಅಂತರ ಹೇಳುತ್ತದೆ. ಬೇರೆ ಅರ್ಥವೇನಿದ್ದರೂ ಇದಾದ ಮೇಲೆ.

ಈಗ ಆ ಕಪ್ಪಿಗೆ ಬನ್ನಿ. ಮಲ್ಪೆಯ ದಡದಲ್ಲಿ ನಿಂತರೆ ಸಮುದ್ರ ಪಶ್ಚಿಮಕ್ಕೆ, ಅಲ್ವಾ? ಸಂಜೆ ಸೂರ್ಯ ನೀರಿನ ಕಡೆ ಇರುತ್ತಾನೆ. ಆಗ ತೆಂಗಿನ ತೋಟದ ಕಡೆಯಿಂದ ನೋಡಿದರೆ ನಿಮಗೂ ಸಮುದ್ರಕ್ಕೂ ನಡುವೆ ಇರುವವರೆಲ್ಲ ಬರೀ ಕಪ್ಪು ಆಕಾರ. ಮುಖ ಕಾಣುವುದಿಲ್ಲ, ಬಟ್ಟೆ ಕಾಣುವುದಿಲ್ಲ, ಬೆನ್ನು ಬಾಗಿದ್ದು ಮಾತ್ರ ಕಾಣುತ್ತದೆ. ತಂದೆಯವರು ಬಿಡಿಸಿದ್ದು ಅದನ್ನೇ. ಖಾತ್ರಿ ಬೇಕಾದರೆ ಮರಳಿನ ಮೇಲಿನ ಗೀರುಗಳನ್ನು ನೋಡಿ. ಪ್ರತಿಯೊಬ್ಬರ ಕಾಲ ಬುಡದಿಂದ ನಾಲ್ಕೈದು ಗೀರು ಹಾಳೆಯ ಕೆಳ ಅಂಚಿನ ಕಡೆಗೆ, ಅಂದರೆ ನೋಡುವವರ ಕಡೆಗೆ ಬಂದಿವೆ. ಅದು ನೆರಳು. ನೆರಳು ಈಚೆ ಬಂದಿದೆ ಅಂದರೆ ಬೆಳಕು ಆಚೆ ಇದೆ. ಬೆಳಗ್ಗಿನ ರಂಪಣಿ ಆಗಿದ್ದರೆ ನೆರಳು ನೀರಿನ ಕಡೆ ಬಿದ್ದಿರುತ್ತಿತ್ತು, ಎಳೆಯುವವರ ಬೆನ್ನಿಗೆಲ್ಲ ಬಿಸಿಲು ಹೊಡೆದಿರುತ್ತಿತ್ತು.

ಹಾಗಾಗಿ ನಿಮ್ಮ ಅತ್ತಿಗೆಗೆ ನನ್ನ ಉತ್ತರ ಇದು. ತಂದೆಯವರಿಗೆ ಆಗ ಕಷ್ಟ ಇದ್ದಿರಬಹುದು. ಆದರೆ ಅದನ್ನು ಈ ಕಪ್ಪಿನಿಂದ ತಿಳಿಯಲಾಗದು. ಈ ಕಪ್ಪು ಇಳಿಬಿಸಿಲಿನದು. ಕಪ್ಪು ಕಂಡ ಕೂಡಲೇ ದುಃಖ ಅಂತ ಓದುವ ಅಭ್ಯಾಸ ನಮ್ಮಲ್ಲಿ ಬಹಳ ಬೇರೂರಿದೆ. ಪ್ರದರ್ಶನಗಳಲ್ಲಿ ಓದಿದವರೂ ಹಾಗೇ ಹೇಳುವುದನ್ನು ಕೇಳಿದ್ದೇನೆ. ಕರಡು ಚಿತ್ರದ ಮುಂದೆ ನಿಂತಾಗಲಾದರೂ ಈ ಅಭ್ಯಾಸ ಬಿಡಬೇಕು. ಇಲ್ಲಿ ಕಪ್ಪು ಏನು ಕೆಲಸ ಮಾಡುತ್ತಿದೆ ಅಂತ ಮೊದಲು ಕೇಳಿಕೊಳ್ಳಿ. ಬೆಳಕು ಎಲ್ಲಿಂದ ಬಂತು ಅಂತ ತೋರಿಸುತ್ತಿದೆಯಾ? ಹತ್ತಿರದ್ದನ್ನು ದೂರದ್ದರಿಂದ ಬೇರೆ ಮಾಡುತ್ತಿದೆಯಾ? ಯಾವುದೋ ಒಂದು ಬಿಳಿಯನ್ನು ಎತ್ತಿ ಹಿಡಿಯುತ್ತಿದೆಯಾ? ಈ ಮೂರಕ್ಕೂ ಇಲ್ಲ ಅಂತ ಬಂದರೆ ಆಮೇಲೆ ಮನಸ್ಸಿನ ಮಾತು ಆಡೋಣ.

ಇನ್ನು ಬಲಗಡೆ. ನಿಮ್ಮ ಅಣ್ಣನ ಮಾತು ಮೇಲುನೋಟಕ್ಕೆ ಸರಿ ಅನ್ನಿಸುತ್ತದೆ. ದೋಣಿ, ಅಲೆ, ದೂರದಲ್ಲಿ ಬಲೆಯ ಇನ್ನೊಂದು ತುದಿ ಎಳೆಯುತ್ತಿರುವ ಗುಂಪು, ಎಲ್ಲ ತೆಳು ಕಂದು ಗೆರೆಗಳು. ಆದರೆ ಮೌಂಟ್ ತೆಗೆದಾಗ ಬಲ ಅಂಚಿನಲ್ಲಿ ಬೆರಳಗಲದ ಒಂದು ಪಟ್ಟಿ ಕಾಣಿಸಿತು, ನೆನಪಿದೆಯಾ? ದೋಣಿಯ ಮೂತಿ ಆ ಪಟ್ಟಿಯೊಳಕ್ಕೆ ಹೋಗಿದೆ. ಅಲ್ಲಿ ಅದೇ ಗೆರೆ ಕಂದು ಅಲ್ಲ, ನೀಲಿ ಬೆರೆತ ಗಟ್ಟಿ ಕಪ್ಪು. ಮೌಂಟಿನ ಅಡಿಯಲ್ಲಿ ಬೆಳಕು ತಾಗದೆ ಉಳಿದದ್ದು ಅದು. ಹೊರಗಿದ್ದ ಗೆರೆ ಚಾವಡಿಯ ಬೆಳಕಿಗೆ ಬಾಡಿದೆ.

ಅಂದರೆ ತಂದೆಯವರು ಎರಡು ಇಂಕ್ ಬಳಸಿದ್ದಾರೆ. ಗೆರೆಗಳಿಗೆಲ್ಲ ಬ್ಲೂ-ಬ್ಲ್ಯಾಕ್ ಶಾಯಿ, ಬಹುಶಃ ಜೇಬಿನಲ್ಲಿದ್ದ ಪೆನ್ನಿನದೇ. ಎಡಗಡೆ ತುಂಬಿದ ಕಪ್ಪಿಗೆ ಬಾಟಲಿಯ ಡ್ರಾಯಿಂಗ್ ಇಂಕ್, ಬ್ರಷ್ಷಿನಲ್ಲಿ. ಹಳೆಯ ಬ್ಲೂ-ಬ್ಲ್ಯಾಕ್ ಶಾಯಿಗಳಲ್ಲಿ ಹೆಚ್ಚಿನವು ಕಬ್ಬಿಣದ ಅಂಶ ಇರುವ ಶಾಯಿಗಳು. ಮಕ್ಕಳಿಗೆ ತೇಯ್ದು ಕೊಡುವ ಮಾಚಿಕಾಯಿ ಗೊತ್ತಲ್ಲ? ಅದರ ಒಗರಿಗೆ ಅನ್ನಭೇದಿ ಸೇರಿಸಿದರೆ ಕಪ್ಪಾಗುತ್ತದೆ. ಯುರೋಪಿನಲ್ಲಿ ನೂರಾರು ವರ್ಷ ಬರೆದದ್ದು, ಚಿತ್ರ ಬಿಡಿಸಿದ್ದು ಆ ಶಾಯಿಯಲ್ಲೇ. ಬ್ಲೂ-ಬ್ಲ್ಯಾಕ್ ಅದಕ್ಕೆ ನೀಲಿ ಬಣ್ಣ ಸೇರಿಸಿದ್ದು. ನೀಲಿ ಬೆಳಕಿಗೆ ಹೋಗುತ್ತದೆ, ಉಳಿದದ್ದು ಕಾಲ ಹೋದಂತೆ ಕಂದಾಗುತ್ತದೆ. ಡ್ರಾಯಿಂಗ್ ಇಂಕ್ ಮಸಿಯ ಪುಡಿಯಿಂದ ಮಾಡಿದ್ದು, ಅದು ಬೆಳಕಿಗೆ ಜಗ್ಗುವುದಿಲ್ಲ. ಅದರಲ್ಲಿ ಅರಗು ಇರುವುದರಿಂದ ಓರೆ ಬೆಳಕಿನಲ್ಲಿ ಸ್ವಲ್ಪ ಹೊಳೆಯುತ್ತದೆ ಕೂಡ. ನಿಮ್ಮ ಚಿತ್ರದಲ್ಲಿ ಆ ಹೊಳಪಿನ ಅಡಿಯಲ್ಲಿ ಪೆನ್ನಿನ ಗೆರೆ ಮಂಕಾಗಿ ಕಾಣುತ್ತದೆ. ಗೆರೆ ಮೊದಲು, ಕಪ್ಪು ಆಮೇಲೆ ಅನ್ನುವುದಕ್ಕೆ ಅದೇ ಸಾಕ್ಷಿ.

ಆದ್ದರಿಂದ ನೀವು ಈಗ ನೋಡುತ್ತಿರುವ ಅಂತರ ತಂದೆಯವರು ಇಟ್ಟ ಅಂತರ ಅಲ್ಲ. ಅವರ ಮೇಜಿನ ಮೇಲಿದ್ದಾಗ ಬಲಗಡೆಯ ದೋಣಿ ಸ್ಪಷ್ಟವಾಗಿ ಕಾಣುತ್ತಿತ್ತು. ಎಡಗಡೆಗಿಂತ ಹಗುರ ಖಂಡಿತ, ಯಾಕೆಂದರೆ ಅದು ದೂರದ್ದು. ಆದರೆ ಇಷ್ಟು ಮಾಸಿದ್ದಲ್ಲ. ಡಚ್ ಕಲಾವಿದ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ಲಾಳದ ಕಡ್ಡಿಯ ಪೆನ್ನಿನಿಂದ ಬಿಡಿಸಿದ ಎಷ್ಟೋ ಚಿತ್ರಗಳಿಗೆ ಹೀಗೇ ಆಗಿದೆ. ಇವತ್ತು ನಾವು ಇಷ್ಟಪಡುವ ಆ ಕಂದು ಬಣ್ಣ ಅವನು ಬಿಡಿಸಿದಾಗ ಅಲ್ಲಿರಲಿಲ್ಲ. ಹಳೆಯ ಇಂಕಿನ ಚಿತ್ರದಲ್ಲಿ ತೆಳು ಕಂಡಲ್ಲೆಲ್ಲ ಎರಡು ಸಾಧ್ಯತೆ ಇಟ್ಟುಕೊಳ್ಳಿ. ಅವರೇ ತೆಳುವಾಗಿ ಬಿಡಿಸಿದ್ದು ಒಂದು, ಆಮೇಲೆ ತೆಳುವಾದದ್ದು ಇನ್ನೊಂದು. ಅಂಚು, ಮಡಿಕೆ, ಮೌಂಟಿನ ಅಡಿ ನೋಡಿದರೆ ಹೆಚ್ಚಾಗಿ ಉತ್ತರ ಸಿಗುತ್ತದೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ನೀವು ಬಂದದ್ದೇ ಅದಕ್ಕೆ, ನನಗೆ ಗೊತ್ತು.

ಸೂರ್ಯ ಎದುರಿಗಿದ್ದರೆ ಆ ಹುಡುಗನೂ ಕಪ್ಪಾಗಬೇಕಿತ್ತು. ಉಳಿದವರ ನಡುವೆಯೇ ನಿಂತಿದ್ದಾನೆ. ಆದರೂ ಅವನನ್ನು ಬಿಳಿ ಬಿಟ್ಟಿದ್ದಾರೆ. ಬೆಳಕಿನ ಲೆಕ್ಕಕ್ಕೆ ಸಿಗದ ಬಿಳಿ ಅದು, ಹಾಗಾಗಿ ಬೇಕೆಂದೇ ಬಿಟ್ಟದ್ದು. ಆ ‘ಹ’ ಒಂದೇ ಅಕ್ಷರವೂ ಅಲ್ಲ. ಭೂತಗನ್ನಡಿ ಹಿಡಿದರೆ ನೀರಿನ ಮೇಲೆ ‘ನೀ’, ದೋಣಿಯ ಅಂಚಿನ ಹತ್ತಿರ ‘ಕೆಂ’ ಎಂದು ಅದೇ ಕೈಬರಹ ಇದೆ. ಬಾಡಿದ್ದರಿಂದ ನಿಮಗೆ ಕಂಡಿರಲಿಲ್ಲ. ಹಳದಿ, ನೀಲಿ, ಕೆಂಪು. ಗೋಡೆಯ ಮೇಲೆ ಯಾವ ಬಣ್ಣ ಎಲ್ಲಿ ಹಚ್ಚಬೇಕು ಅಂತ ಗುರುತು ಹಾಕಿಕೊಂಡಿದ್ದಾರೆ. ಹುಡುಗನಿಗೆ ಹಳದಿ ಅಂಗಿ. ಕಪ್ಪು ಬೆನ್ನುಗಳ ಸಾಲಿನಲ್ಲಿ ಒಂದು ಹಳದಿ ಎಷ್ಟು ಚೆನ್ನಾಗಿ ಎದ್ದು ಕಾಣುತ್ತಿತ್ತು ಅಂತ ಯೋಚಿಸಿ.

ಅದು ಯಾರ ಹೆಸರಿನ ಅಕ್ಷರವೂ ಅಲ್ಲ ಅಂತ ಹೇಳಿದಾಗ ನಿಮ್ಮ ಮುಖ ಸಣ್ಣದಾಯಿತು. ಆದರೆ ಇನ್ನೊಂದು ವಿಷಯ ಕೇಳಿ. ಅದೇ ಓರೆ ಬೆಳಕಿನಲ್ಲಿ ಇದೇ ಹುಡುಗ, ಇದೇ ಬುಟ್ಟಿ, ಇನ್ನೂ ಎರಡು ಕಡೆ ಕಾಣುತ್ತಾನೆ. ದೋಣಿಯ ಹತ್ತಿರ ಒಮ್ಮೆ, ಎಡ ತುದಿಯಲ್ಲಿ ಹಗ್ಗ ಸುತ್ತಿಟ್ಟಲ್ಲಿ ಒಮ್ಮೆ. ಪೆನ್ಸಿಲಿನಲ್ಲಿ ಬಿಡಿಸಿ, ರಬ್ಬರಿನಿಂದ ಉಜ್ಜಿದ್ದಾರೆ. ಎಳೆಯುವವರನ್ನು ಹಾಗೆ ಬದಲಿಸಿದ ಗುರುತು ಒಂದೂ ಇಲ್ಲ, ಅವರು ಒಂದೇ ಸಲಕ್ಕೆ ಬಂದಿದ್ದಾರೆ. ತಂದೆಯವರು ಜಾಗ ಹುಡುಕಿದ್ದು ಈ ಹುಡುಗನಿಗೆ ಮಾತ್ರ. ಅವನು ಯಾರು ಅಂತ ಹಾಳೆ ಹೇಳುವುದಿಲ್ಲ. ಆದರೆ ಅವನ ಸುತ್ತಲೇ ಈ ಚಿತ್ರ ಕಟ್ಟಿದ್ದು. ಎಡಗಡೆಯ ಅಷ್ಟೂ ಕಪ್ಪು ಬಂದಿರುವುದು ಆ ಒಂದು ಬಿಳಿಯನ್ನು ಎತ್ತಿ ತೋರಿಸುವುದಕ್ಕೆ.

ಕೊನೆಗೆ ಹಗ್ಗ. ಇಡೀ ಚಿತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ. ಎಡ ತುದಿಯ ಮುದುಕನ ಕೈಯಿಂದ ಹೊರಟು ನೀರಿನವರೆಗೆ ಒಂದೇ ಗೆರೆ, ಎಲ್ಲೂ ಪೆನ್ನು ಎತ್ತಿಲ್ಲ. ಕೈಗಳ ನಡುವೆ ಗೆರೆ ದಪ್ಪ, ನಿಬ್ ಒತ್ತಿ ಬಾಯಿ ಬಿಟ್ಟಿದೆ. ಹಗ್ಗ ಬಿಗಿಯಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ನೀರು ಮುಟ್ಟುವಲ್ಲಿ ಕೂದಲೆಳೆಯಷ್ಟು ಸಣ್ಣ. ಆದರೆ ಮುಂದಿನ ಇಬ್ಬರ ಮುಷ್ಟಿ ನೋಡಿ. ಅಲ್ಲಿ ಒಂದರ ಮೇಲೊಂದು ಮೂರು ಗೆರೆ ಇದೆ. ಹಗ್ಗ ಹಿಡಿದ ಬೆರಳು ಹೇಗೆ ಮಡಚುತ್ತದೆ ಅಂತ ಅವರಿಗೆ ಆ ಹೊತ್ತಿನಲ್ಲಿ ತೃಪ್ತಿ ಆಗಿಲ್ಲ. ಮೊದಲ ಗೆರೆ ಅಳಿಸಲಿಲ್ಲ, ಇಂಕಿನಲ್ಲಿ ಅಳಿಸುವ ಹಾಗೂ ಇಲ್ಲ. ಪಕ್ಕದಲ್ಲೇ ಇನ್ನೊಂದು ಎಳೆದರು, ಅದರ ಪಕ್ಕ ಮತ್ತೊಂದು. ಕೊನೆಯದು ಸ್ವಲ್ಪ ಗಟ್ಟಿ, ಅದನ್ನೇ ಒಪ್ಪಿದ್ದಾರೆ. ಕರಡು ಚಿತ್ರದಲ್ಲಿ ಗೆರೆ ಎರಡಾದಲ್ಲಿ, ಮೂರಾದಲ್ಲಿ ನಿಲ್ಲಿ. ಕಲಾವಿದ ಯೋಚನೆ ಮಾಡುತ್ತಿದ್ದ ಜಾಗ ಅದು. ಮುಗಿದ ಚಿತ್ರದಲ್ಲಿ ಅದು ಸಿಗುವುದಿಲ್ಲ.

1970ರ ದಶಕದಲ್ಲಿ ಪರ್ಸಿನ್ ಬೋಟುಗಳು (ಸಮುದ್ರದಲ್ಲೇ ಮೀನಿನ ಗುಂಪಿಗೆ ಬಲೆ ಸುತ್ತಿ ಹಿಡಿಯುವ ಯಂತ್ರದ ದೋಣಿಗಳು) ಬಂದ ಮೇಲೆ ನಮ್ಮ ಕರಾವಳಿಯಲ್ಲಿ ದೊಡ್ಡ ರಂಪಣಿ ಎಳೆಯುವುದು ಬಹಳ ಕಡಿಮೆಯಾಯಿತು. ಊರಿಗೆ ಊರೇ ಹಗ್ಗ ಹಿಡಿಯುತ್ತಿದ್ದುದನ್ನು ಕಣ್ಣಾರೆ ಕಂಡವರ ಗೆರೆ ಇದು. ಗೋಡೆಯೋ ಪರದೆಯೋ, ಆ ದೊಡ್ಡ ಚಿತ್ರ ಈಗ ಇಲ್ಲ ಅಂದಿರಿ. ಕರಡು ಇದೆಯಲ್ಲ, ಅದನ್ನು ಚೆನ್ನಾಗಿ ಇಟ್ಟುಕೊಳ್ಳಿ. ಹೇಗೆ ಅಂತ ಕೊನೆಯ ಉತ್ತರದಲ್ಲಿ ಬರೆದಿದ್ದೇನೆ.

ಪ್ರಶ್ನೆ: ಒಂದು ಇಂಕಿನ ಚಿತ್ರ ದೊಡ್ಡ ಚಿತ್ರಕ್ಕೆ ಮೊದಲು ಮಾಡಿದ್ದೋ, ಆಮೇಲೆ ನೋಡಿ ಬಿಡಿಸಿದ ಪ್ರತಿಯೋ ಅಂತ ಹೇಗೆ ಗೊತ್ತಾಗುತ್ತದೆ?
(ಓದುಗರು, ಕಟಪಾಡಿ)

ಉತ್ತರ: ಒಳ್ಳೆಯ ಪ್ರಶ್ನೆ. ಯಾಕೆಂದರೆ ದೊಡ್ಡ ಕಲಾವಿದರೂ ಎರಡನೆಯದನ್ನು ಮಾಡಿದ್ದಾರೆ. 17ನೇ ಶತಮಾನದಲ್ಲಿ ರೋಮಿನಲ್ಲಿದ್ದ ಕ್ಲೋಡ್ ಲೊರೇನ್ ತನ್ನ ತೈಲಚಿತ್ರಗಳಲ್ಲಿ ಹೆಚ್ಚಿನವನ್ನು ಒಂದು ಪುಸ್ತಕದಲ್ಲಿ ಪೆನ್ನು ಮತ್ತು ನೀರು ಬೆರೆಸಿದ ಇಂಕಿನ ವಾಷ್‌ನಲ್ಲಿ ಬಿಡಿಸಿಟ್ಟುಕೊಳ್ಳುತ್ತಿದ್ದ. ಅವನ ಹೆಸರಿನಲ್ಲಿ ಬೇರೆಯವರು ಚಿತ್ರ ಮಾಡಿ ಮಾರುತ್ತಿದ್ದರಂತೆ, ಅದಕ್ಕೆ ಈ ದಾಖಲೆ ಅಂತ ಹೇಳುತ್ತಾರೆ. ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ವ್ಯಾನ್ ಗೋ ಕೂಡ ಬಣ್ಣದ ಚಿತ್ರ ಮುಗಿಸಿದ ಮೇಲೆ ಅದನ್ನೇ ಇಂಕಿನಲ್ಲಿ ಬಿಡಿಸಿ ಸ್ನೇಹಿತರಿಗೆ ಕಳಿಸುತ್ತಿದ್ದ.

ಆಮೇಲೆ ಮಾಡಿದ ಚಿತ್ರದಲ್ಲಿ ಹುಡುಕಾಟ ಇರುವುದಿಲ್ಲ. ಗೆರೆ ಎಲ್ಲ ಕಡೆ ಒಂದೇ ಧೈರ್ಯದಲ್ಲಿ ಹೋಗುತ್ತದೆ. ಅಂಚಿನವರೆಗೂ ಒಂದೇ ಹದ. ಮೊದಲು ಮಾಡಿದ್ದರಲ್ಲಿ ಕೆಲವು ಕಡೆ ತುಂಬಾ ಕೆಲಸ, ಕೆಲವು ಕಡೆ ಏನೂ ಇಲ್ಲ. ಎರಡೆರಡು ಗೆರೆ. ಚೌಕಳಿ. ಅಂಚಿನಲ್ಲಿ ಇಂಕಿನ ಹದ ನೋಡಿದ ಮಚ್ಚೆ. ಬಣ್ಣದ ಹೆಸರು. ಕೆಲವೊಮ್ಮೆ ಗೆರೆಯ ಉದ್ದಕ್ಕೂ ಸೂಜಿಯ ತೂತುಗಳಿರುತ್ತವೆ. ಸೀರೆಗೆ ಕಸೂತಿ ಹಾಕುವವರು ಟ್ರೇಸಿಂಗ್ ಹಾಳೆಗೆ ತೂತು ಮಾಡಿ ಮೇಲೆ ಪುಡಿ ಒರೆಸುತ್ತಾರಲ್ಲ, ಇಟಲಿಯಲ್ಲಿ ಗೋಡೆ ಚಿತ್ರದವರು ಇದ್ದಿಲಪುಡಿ ಇಟ್ಟು ಮಾಡುತ್ತಿದ್ದದ್ದೂ ಅದನ್ನೇ.

ಒಂದು ಉದಾಹರಣೆ ನೋಡಲೇಬೇಕು. ಲಿಯನಾರ್ಡೊ ಡ ವಿಂಚಿ 1481ರ ಸುಮಾರಿಗೆ ‘ಜ್ಞಾನಿಗಳ ಆರಾಧನೆ’ (ಶಿಶು ಯೇಸುವನ್ನು ನೋಡಲು ಬಂದ ಜ್ಞಾನಿಗಳ ಚಿತ್ರ) ಎಂಬ ಚಿತ್ರಕ್ಕೆ ಮಾಡಿಕೊಂಡ ಕರಡು ಇಟಲಿಯ ಫ್ಲಾರೆನ್ಸಿನ ಉಫೀಜಿ ಮ್ಯೂಸಿಯಮ್ಮಿನಲ್ಲಿದೆ. ಇಂಟರ್‌ನೆಟ್ಟಿನಲ್ಲಿ ದೊಡ್ಡದಾಗಿ ನೋಡಲು ಸಿಗುತ್ತದೆ. ನೆಲದ ತುಂಬ ಸ್ಕೇಲ್ ಹಿಡಿದು ಎಳೆದ ಗೆರೆಗಳು, ಎಲ್ಲ ಒಂದೇ ಬಿಂದುವಿಗೆ ಓಡುತ್ತವೆ. ಆ ಲೆಕ್ಕದ ಗೆರೆಗಳ ಮೇಲೆ ಕುದುರೆಗಳು, ಮನುಷ್ಯರು, ಒಂದು ಒಂಟೆ ಸ್ಕೇಲಿನ ಹಂಗಿಲ್ಲದೆ ಬಂದಿವೆ. ಕೆಲವರ ಮೈಯೊಳಗಿಂದ ನೆಲದ ಗೆರೆ ಹಾದುಹೋಗುತ್ತದೆ. ಒಂದೇ ಹಾಳೆಯಲ್ಲಿ ಎರಡು ಜಾತಿಯ ಗೆರೆ. ಒಂದು ಜಾಗ ಅಳೆಯುತ್ತದೆ, ಇನ್ನೊಂದು ಆ ಜಾಗದಲ್ಲಿ ಯಾರನ್ನು ನಿಲ್ಲಿಸಲಿ ಅಂತ ನೋಡುತ್ತದೆ. ಮುಗಿದ ಮೇಲೆ ಪ್ರತಿ ಮಾಡುವವನಿಗೆ ಮೊದಲನೆಯ ಜಾತಿಯ ಗೆರೆ ಬೇಕಾಗುವುದೇ ಇಲ್ಲ.

ಪ್ರಶ್ನೆ: ಟೀಚರ್, ನಾನು ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಲೈಟ್‌ಹೌಸ್ ಹಿಲ್‌ನ ಅಲೋಶಿಯಸ್ ಚಾಪೆಲ್‌ನ ಒಳಗಿನ ಒಂದು ದೊಡ್ಡ ಪೇಂಟಿಂಗ್ ಮಾಡಬೇಕು ಅಂತ ಆಸೆ. ಅದಕ್ಕೆ ಇಂಕಿನಲ್ಲಿ ಸ್ಕೆಚ್ ಮಾಡುತ್ತಿದ್ದೇನೆ. ಎಷ್ಟು ಕಷ್ಟಪಟ್ಟು ಕ್ರಾಸ್ ಹ್ಯಾಚಿಂಗ್ (ಗೀರಿನ ಮೇಲೆ ಅಡ್ಡ ಗೀರು) ಮಾಡಿದರೂ ಕೊನೆಗೆ ಎಲ್ಲ ಬೂದು ಬೂದು ಕಾಣುತ್ತದೆ. ಎಲ್ಲಿ ತಪ್ಪುತ್ತಿದೆ?
(ಓದುಗರು, ಮಂಗಳೂರು)

ಉತ್ತರ: ನೀವು ಕಳಿಸಿದ ಮೂರೂ ಸ್ಕೆಚ್ ನೋಡಿದೆ. ಕೈ ಚೆನ್ನಾಗಿದೆ. ಕಮಾನಿನ ತಿರುವು ಒಂದೂ ತಪ್ಪಿಲ್ಲ. ತೊಂದರೆ ಆಗಿರುವುದು ನೀವು ಕಂಡದ್ದಕ್ಕೆಲ್ಲ ಗೀರು ಹಾಕಿದ್ದರಿಂದ.

ಆ ಚಾಪೆಲ್ ಸುಲಭದ ಜಾಗ ಅಲ್ಲ. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಅಲ್ಲಿ ಕೆಲಸ ಶುರು ಮಾಡಿ ಗೋಡೆ, ಕಮಾನು, ಮಾಡು ಯಾವುದನ್ನೂ ಖಾಲಿ ಬಿಡಲಿಲ್ಲ. ಫ್ರೆಸ್ಕೊ ಇದೆ, ಕ್ಯಾನ್ವಾಸಿನ ಮೇಲೆ ತೈಲವರ್ಣವೂ ಇದೆ. ಎಲ್ಲ ಕಡೆ ಬಣ್ಣ, ಎಲ್ಲ ಕಡೆ ಆಕೃತಿ. ಇದನ್ನು ಇಂಕಿಗೆ ತಂದರೆ ಎಲ್ಲ ಕಡೆ ಮಧ್ಯಮ ಬೂದು ಬರುವುದು ಸಹಜ. ಫ್ರೆಸ್ಕೊ ಮಾಡುವವರ ಕಷ್ಟ ಸ್ವಲ್ಪ ನೆನಪಿಸಿಕೊಳ್ಳಿ. ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು. ಗೋಡೆಯ ಮುಂದೆ ನಿಂತು ಇಲ್ಲಿ ಗಾಢ ಇರಲಾ, ತಿಳಿ ಇರಲಾ ಅಂತ ಯೋಚಿಸುತ್ತಾ ಕೂರುವ ಹಾಗಿಲ್ಲ. ಆ ತೀರ್ಮಾನ ಕಾಗದದಲ್ಲೇ ಆಗಿರಬೇಕು. ನಿಮ್ಮ ಸ್ಕೆಚ್ಚೂ ಅದನ್ನೇ ಮಾಡಬೇಕು. ಚಾಪೆಲ್‌ನಲ್ಲಿ ಏನೇನಿದೆ ಅಂತ ನಮಗೆ ಗೊತ್ತಿದೆ. ನಿಮ್ಮ ಚಿತ್ರದಲ್ಲಿ ಯಾವುದು ಮುಂದೆ ಬರುತ್ತದೆ ಅನ್ನುವುದು ನೀವು ಹೇಳಬೇಕಾದದ್ದು.

ಹೀಗೆ ಮಾಡಿ ನೋಡಿ. ಬೆಂಕಿಪೊಟ್ಟಣದಷ್ಟು ಸಣ್ಣ ಚೌಕ ಹಾಕಿ. ಪೆನ್ನು ಬದಿಗಿಡಿ, ಬ್ರಷ್ ತಗೊಳ್ಳಿ. ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ಸಣ್ಣ ಆಕೃತಿ ಎಲ್ಲ ಮಾಯ ಆಗಿ ಮೂರೇ ಹದ ಉಳಿಯುತ್ತದೆ. ಅತಿ ಗಾಢವಾದದ್ದಕ್ಕೆ ಶುದ್ಧ ಕಪ್ಪು, ಮಧ್ಯದ್ದಕ್ಕೆ ನೀರು ಬೆರೆಸಿದ ವಾಷ್, ಉಳಿದದ್ದು ಕಾಗದ. ವಾಷ್‌ನಲ್ಲಿ ಹದ ಒಂದೇ ಇರಲಿ, ನಾಲ್ಕೈದು ಬೇಡ. ಕಪ್ಪನ್ನು ಜಿಪುಣತನದಿಂದ ಬಳಸಿ. ಬಿಳಿಯನ್ನು ಅದಕ್ಕಿಂತ ಜಾಸ್ತಿ ಕಾಪಾಡಿ. ಇಂಕಿನಲ್ಲಿ ಕಪ್ಪು ಯಾವಾಗ ಬೇಕಾದರೂ ಸೇರಿಸಬಹುದು, ಹೋದ ಬಿಳಿ ವಾಪಸ್ ಬರುವುದಿಲ್ಲ. ಇಂಥ ಸಣ್ಣ ಚೌಕಗಳನ್ನು ಒಂದು ಪುಟ ತುಂಬ ಮಾಡಿ. ದೂರದಿಂದ ನೋಡಿದರೂ ಕಮಾನು ಅಂತ ಗೊತ್ತಾಗುವ ಚೌಕ ಯಾವುದೋ, ಅದನ್ನು ಆರಿಸಿ ದೊಡ್ಡದು ಮಾಡಿ. ಗೀರು ಹಾಕುವುದು ಆಮೇಲಿನ ಮಾತು.

ಗೀರು ಹಾಕುವಾಗ ಒಂದು ದಿಕ್ಕಿನ ಗೀರು ಪೂರ್ತಿ ಒಣಗಿದ ಮೇಲೆ ಇನ್ನೊಂದು ದಿಕ್ಕಿನದು ಹಾಕಿ. ನಿಮ್ಮ ಎರಡನೇ ಸ್ಕೆಚ್ಚಿನಲ್ಲಿ ಗೀರುಗಳು ಕೂಡುವಲ್ಲಿ ಹುಳದ ಹಾಗೆ ಮಚ್ಚೆ ಬಿದ್ದಿದೆ. ಒಣಗುವ ಮೊದಲೇ ದಾಟಿಸಿದ್ದು ಒಂದು ಕಾರಣ. ನಮ್ಮ ಮಳೆಗಾಲ ಇನ್ನೊಂದು. ಜೂನ್, ಜುಲೈಯಲ್ಲಿ ಮಂಗಳೂರಿನ ಗಾಳಿಗೆ ಕಾಗದ ನೀರು ಕುಡಿದು ಮೆತ್ತಗಾಗುತ್ತದೆ, ನಿಬ್ಬಿನ ಗೆರೆ ಹರಡುತ್ತದೆ. ಸಣ್ಣಗೆ ಎಳೆದದ್ದು ದಪ್ಪ ಆಗುತ್ತದೆ, ನಡುವಿನ ಬಿಳಿ ಮುಚ್ಚಿಹೋಗುತ್ತದೆ, ಬೂದು ಇನ್ನೂ ಜಾಸ್ತಿ ಆಗುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಿ. ಬೇಕಾದಾಗ ಒಂದೊಂದೇ ತೆಗೆಯಿರಿ.

ಇನ್ನೊಂದು ಕೆಲಸ ಹೇಳುತ್ತೇನೆ. ರಜೆಯಲ್ಲಿ ಕಾವಿ ಕಲೆ ಇರುವ ಹಳೆಯ ದೇವಸ್ಥಾನ ಎಲ್ಲಾದರೂ ಸಿಕ್ಕರೆ ಗೋಡೆಯ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಹಚ್ಚಿ, ಅದು ಹಸಿ ಇರುವಾಗ ಚೂಪಾದ ಕಬ್ಬಿಣದಿಂದ ಕೆರೆದು ಅಡಿಯ ಬಿಳಿ ಎಬ್ಬಿಸುತ್ತಿದ್ದರು. ಅಲ್ಲಿ ಇರುವುದು ಎರಡೇ ಹದ, ಕೆಂಪು ಮತ್ತು ಬಿಳಿ. ಮಧ್ಯದ ಬೂದಿಗೆ ಜಾಗವೇ ಇಲ್ಲ. ಆದರೂ ಆನೆ, ಹಂಸ, ಬಳ್ಳಿ ಎಲ್ಲ ಒಂದರಿಂದ ಒಂದು ಬೇರೆಯಾಗಿ ನಿಲ್ಲುತ್ತವೆ. ಅದನ್ನು ನೋಡಿ ಬಂದು ನಿಮ್ಮ ಚಾಪೆಲ್‌ನ ಸ್ಕೆಚ್ಚನ್ನು ಒಮ್ಮೆ ಎರಡೇ ಹದದಲ್ಲಿ ಮಾಡಿ, ನನಗೆ ಕಳಿಸಿ.

ಪ್ರಶ್ನೆ: ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ನೆರಳೇ ಇಲ್ಲ. ಗಾಢವೂ ಇಲ್ಲ, ತಿಳಿಯೂ ಇಲ್ಲ, ಬರೀ ಗೆರೆ. ಹಾಗಾದರೆ ಅವುಗಳಲ್ಲಿ ಕಾಂಟ್ರಾಸ್ಟ್ ಅನ್ನುವುದು ಇದೆಯಾ?
(ಓದುಗರು, ಮಣಿಪಾಲ)

ಉತ್ತರ: ಇದೆ, ಬೇಕಾದಷ್ಟು ಇದೆ. ಕಪ್ಪಿಗೂ ಬಿಳಿಗೂ ಇರುವ ಅಂತರ ಒಂದನ್ನೇ ನಾವು ಕಾಂಟ್ರಾಸ್ಟ್ ಅನ್ನುವುದರಿಂದ ಅದು ಕಾಣುವುದಿಲ್ಲ.

ಹೆಬ್ಬಾರರು ನಮ್ಮವರು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಪ್ಯಾರಿಸ್ಸಿಗೂ ಹೋಗಿ ಬಂದವರು. ಲಯ ಅಂದರೇನು ಅಂತ ಮೈಯಲ್ಲೇ ತಿಳಿಯಬೇಕು ಅಂತ ಕಥಕ್ ನೃತ್ಯ ಕೂಡ ಕಲಿತರು. ಅವರ ಕುಣಿಯುವವರ ಚಿತ್ರ ಯಾವುದಾದರೂ ಒಂದನ್ನು ಎದುರಿಗಿಟ್ಟುಕೊಂಡು ನಿಮ್ಮ ಬೆರಳನ್ನು ಗೆರೆಯ ಮೇಲೆ ಓಡಿಸಿ. ಕೆಲವು ಕಡೆ ಬೆರಳು ಸರ್ರನೆ ಜಾರುತ್ತದೆ. ಬೆನ್ನಿನಿಂದ ಕಾಲಿನವರೆಗೆ ಒಂದೇ ಎಳೆತ. ಕೆಲವು ಕಡೆ ಬೆರಳು ನಿಲ್ಲಬೇಕಾಗುತ್ತದೆ. ಕೈ, ಮುಖ, ಬಟ್ಟೆಯ ನೆರಿಗೆ ಇರುವಲ್ಲಿ ಗೆರೆ ಸಣ್ಣದಾಗಿ ತಿರುಗುತ್ತದೆ. ಅಲ್ಲಿ ವೇಗದ ಅಂತರ ಇದೆ. ಇನ್ನು ಗೆರೆಗಳು ಗುಂಪಾದ ಜಾಗ, ಏನೂ ಇಲ್ಲದ ಜಾಗ. ಆ ಖಾಲಿ ಜಾಗ ಸುಮ್ನೆ ಬಿಟ್ಟದ್ದಲ್ಲ. ಮೈಯ ಭಾರ ಅಲ್ಲಿ ತುಂಬಿರುತ್ತದೆ. ಗೆರೆ ಎಲ್ಲೋ ತುಂಡಾಗಿ ಆಚೆ ಮತ್ತೆ ಶುರುವಾದರೆ, ನಡುವಿನದನ್ನು ನಮ್ಮ ಕಣ್ಣೇ ಸೇರಿಸಿಕೊಳ್ಳುತ್ತದೆ.

ಕರಡು ಚಿತ್ರದ ಗೆರೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಅದನ್ನೂ ಗಮನಿಸಿ. ಮಲ್ಪೆಯವರ ತಂದೆಯ ಚಿತ್ರದಲ್ಲಿ ಮುಷ್ಟಿಯ ಹತ್ತಿರ ಮೂರು ಗೆರೆ ಇದ್ದವಲ್ಲ. ಇಲ್ಲಿ ಹಾಗಿಲ್ಲ. ಹುಡುಕಾಟ ಎಲ್ಲ ಮೊದಲೇ ಬೇರೆ ಹಾಳೆಗಳಲ್ಲೋ ಮನಸ್ಸಿನಲ್ಲೋ ಮುಗಿದು, ಕೊನೆಗೆ ಉಳಿದ ಒಂದು ಗೆರೆ ಮಾತ್ರ ನಮ್ಮ ಮುಂದಿದ್ದ ಹಾಗೆ ಇರುತ್ತದೆ. ಎರಡನ್ನೂ ಒಂದೇ ಕಣ್ಣಿನಲ್ಲಿ ನೋಡಬಾರದು. ನೀವು ಮಣಿಪಾಲದಲ್ಲೇ ಇದ್ದೀರಿ. ಹೆಬ್ಬಾರರ ಹೆಸರಿನ ಗ್ಯಾಲರಿ ಅಲ್ಲೇ ಇದೆ. ಪುಸ್ತಕದಲ್ಲಿ ಅಚ್ಚಾದ ಗೆರೆ ಎಲ್ಲ ಒಂದೇ ಕಪ್ಪಾಗಿರುತ್ತದೆ. ಮೂಲಚಿತ್ರದಲ್ಲಿ ಮಾತ್ರ ಕೈ ಎಲ್ಲಿ ಒತ್ತಿತು, ಎಲ್ಲಿ ಇಂಕ್ ಕಡಿಮೆಯಾಯಿತು ಅಂತ ಕಾಣುತ್ತದೆ.

ಪ್ರಶ್ನೆ: ಮನೆಯಲ್ಲಿ ಹಳೆಯ ಇಂಕಿನ ಚಿತ್ರಗಳಿವೆ. ಲ್ಯಾಮಿನೇಷನ್ ಮಾಡಿಸಬಹುದಾ?
(ಓದುಗರು, ಸುರತ್ಕಲ್)

ಉತ್ತರ: ದಯವಿಟ್ಟು ಬೇಡ. ಒಮ್ಮೆ ಮಾಡಿದರೆ ಬಿಡಿಸಲು ಆಗುವುದಿಲ್ಲ. ಕಾಗದದಲ್ಲಿದ್ದ ತೇವ ಒಳಗೇ ಉಳಿಯುತ್ತದೆ. ಸೆಲ್ಲೊಟೇಪ್ ಕೂಡ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಗೆರೆಯೊಳಗೆ ಇಳಿಯುತ್ತದೆ.

ಆಸಿಡ್ ಇಲ್ಲದ ಮೌಂಟ್ ಹಾಕಿಸಿ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟಿನ ದಪ್ಪದಷ್ಟು ಜಾಗ ಇರಲಿ. ನಮ್ಮ ಕಡೆ ಹೊರಗೋಡೆ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ, ಆದ್ದರಿಂದ ಒಳಗೋಡೆಗೆ ತೂಗುಹಾಕಿ, ಬಿಸಿಲು ಬೀಳದ ಕಡೆ. ಪೆನ್ನಿನ ಶಾಯಿಯಲ್ಲಿ ಮಾಡಿದ ಚಿತ್ರವಾದರೆ ಅದರ ಒಳ್ಳೆಯ ಫೋಟೊ ತೆಗೆಸಿ ಫೋಟೊವನ್ನೇ ಚಾವಡಿಯಲ್ಲಿ ಹಾಕಿ, ಮೂಲವನ್ನು ಕಪಾಟಿನಲ್ಲಿ ಮಲಗಿಸಿಡಿ. ಕಬ್ಬಿಣದ ಅಂಶ ಇರುವ ಶಾಯಿಗೆ ತೇವ ಸೇರಿದರೆ ಗೆರೆ ಇರುವ ಕಡೆಯೇ ಕಾಗದ ತಿಂದುಹೋಗುತ್ತದೆ. ಹಾಳೆಯ ಹಿಂಬದಿ ನೋಡಿ. ಗೆರೆ ಹಿಂದಕ್ಕೂ ಕಂದಾಗಿ ಕಾಣುತ್ತಿದ್ದರೆ ಅದು ಶುರುವಾಗಿದೆ ಅಂತ ತಿಳಿಯಿರಿ. ಆಗ ಹಾಳೆಯನ್ನು ಮಡಚಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕಾಗದ ಸಂರಕ್ಷಣೆ ಕಲಿತವರಿಗೆ ತೋರಿಸಿ.